ಕಾಣದ ಕೇಳುಗರ ನಂಬಿಕೆ: ಲಿಬಿಯಾ ಲೋಬೊ ಸರದೇಸಾಯಿ ಅವರ ಬಾನುಲಿ ಬದುಕು

1. ಪ್ರವೇಶ

ಬಾನುಲಿ ಪ್ರಸಾರಕರ ಜೀವನಚರಿತ್ರೆಯನ್ನು ಬರೆಯುವುದು ಸಾಹಿತಿಯ ಅಥವಾ ರಾಜಕಾರಣಿಯ ಚರಿತ್ರೆಯನ್ನು ಬರೆಯುವುದಕ್ಕಿಂತ ಕಷ್ಟದ ಕೆಲಸ. ಸಾಹಿತಿ ಪುಸ್ತಕಗಳನ್ನು ಬಿಟ್ಟುಹೋಗುತ್ತಾನೆ, ರಾಜಕಾರಣಿಯ ಮಾತುಗಳು ಸದನದ ಕಡತಗಳಲ್ಲಿ ಉಳಿಯುತ್ತವೆ. ಆದರೆ ಬಾನುಲಿಯಲ್ಲಿ ಆಡಿದ ಮಾತು ಧ್ವನಿಮುದ್ರಣಗೊಂಡು ಜೋಪಾನವಾಗದಿದ್ದರೆ, ಕೇಳಿದವರ ನೆನಪಿನಲ್ಲಲ್ಲದೆ ಬೇರೆಲ್ಲಿಯೂ ಉಳಿಯುವುದಿಲ್ಲ. ಆ ನೆನಪಾದರೂ ದಿನನಿತ್ಯದ ಪ್ರಸಾರವನ್ನು ಮರೆತು, ಅಪರೂಪದ ಒಂದು ದಿನವನ್ನು ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ. ಗೋವೆಯ ಹಿರಿಯ ಪ್ರಸಾರಕಿ ಲಿಬಿಯಾ ಲೋಬೊ ಸರದೇಸಾಯಿ ಅವರ ವಿಷಯದಲ್ಲಿ ಆಗಿರುವುದು ಇದೇ. 1961ರ ಡಿಸೆಂಬರ್ 19ರಂದು ವಿಮಾನದಿಂದ ಗೋವೆಯ ಬಿಡುಗಡೆಯನ್ನು ಸಾರಿದ ಮಹಿಳೆ ಎಂದು ಅವರನ್ನು ಎಲ್ಲರೂ ಬಲ್ಲರು. ಆದರೆ ಆ ಸುಮಾರು ಎರಡು ಗಂಟೆಗಳ ಘೋಷಣೆಯ ಹಿಂದೆ ಪಶ್ಚಿಮ ಘಟ್ಟದ ಕಾಡಿನಲ್ಲಿ ಆರು ವರ್ಷಗಳ ಕಾಲ ನಡೆದ ಪ್ರಸಾರವಿತ್ತು. ಪ್ರಸಾರಕಿಯಾಗಿ ಅವರನ್ನು ಅಳೆಯಬೇಕಾದದ್ದು ಆ ಆರು ವರ್ಷಗಳಿಂದ ಎಂಬುದು ಪ್ರಸ್ತುತ ಉಪನ್ಯಾಸದ ಮುಖ್ಯ ವಾದ. ಆ ಪ್ರಸಾರದ ಒಂದು ಕಾಲಘಟ್ಟ ಇಂದಿನ ಉತ್ತರ ಕನ್ನಡ ಜಿಲ್ಲೆಯ ಕ್ಯಾಸಲ್‌ರಾಕ್‌ನಲ್ಲಿ ಕಳೆಯಿತಾದ್ದರಿಂದ, ಈ ಚರಿತ್ರೆ ಗೋವೆಯದಾದಷ್ಟೇ ಕನ್ನಡ ನೆಲದ್ದೂ ಹೌದು.

2. ಕೇಳುವ ನಾಡು: ಮಡ್ಕಯಿ ಮತ್ತು ಅದರ ಸುತ್ತಮುತ್ತ

ಯಾವುದೇ ಪ್ರಸಾರವನ್ನು ಅರಿಯಲು ಮೊದಲು ಅದರ ಕೇಳುಗರು ಎಲ್ಲಿದ್ದರು, ಹೇಗಿದ್ದರು ಎಂಬುದನ್ನು ಅರಿಯಬೇಕು. ಫೋಂಡಾ ತಾಲೂಕಿನ ಮಡ್ಕಯಿ ಅಂಥ ಕೇಳುಗರ ಊರುಗಳಿಗೆ ಒಂದು ಮಾದರಿ. ಝುವಾರಿ ನದಿಯ ಈಚೆ ದಡದಲ್ಲಿರುವ ಈ ಊರಿಗೂ ಆಚೆಯ ಕುಠ್ಠಾಳಿಗೂ ದೋಣಿಮಾರ್ಗದ ಸಂಪರ್ಕವಿದೆ. ಊರಿನ ನವದುರ್ಗೆಯ ದೇವಸ್ಥಾನ ಹೆಸರಾದದ್ದು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ತಿಸವಾಡಿ, ಸಾಷ್ಟಿ, ಬಾರ್ದೇಶಗಳಲ್ಲಿ ದೇವಾಲಯಗಳನ್ನು ಕೆಡವಲು ತೊಡಗಿದಾಗ, ಜನರು ತಮ್ಮ ದೇವರುಗಳನ್ನು ಎತ್ತಿಕೊಂಡು ನದಿ ದಾಟಿ ಫೋಂಡಾ ಸೀಮೆಗೆ ಬಂದರು. ಕುಠ್ಠಾಳಿಯ ಮಂಗೇಶ ಮಂಗೇಶಿಗೆ ಬಂದಂತೆ ಮಡ್ಕಯಿಯ ನವದುರ್ಗೆಯೂ ತಿಸವಾಡಿಯಿಂದ ಬಂದವಳು. ಆಗ ಈ ಸೀಮೆ ಪೋರ್ಚುಗೀಸರ ಆಳ್ವಿಕೆಗೆ ಹೊರಗಿತ್ತು. ಮುಂದೆ ಇದು ಸ್ವಾದಿ ಎಂದೂ ಕರೆಯಲಾಗುವ ಸೋದೆಯ ಅರಸರ ಅಧೀನದಲ್ಲಿದ್ದಾಗ, ಹೈದರಾಲಿಯ ದಾಳಿಯಿಂದ ರಾಜ್ಯ ಕಳೆದುಕೊಂಡ ಸೋದೆಯ ಅರಸ 1763–64ರ ಸುಮಾರಿಗೆ ಗೋವೆಯ ಆಶ್ರಯ ಪಡೆದ. ಫೋಂಡಾ ಪೋರ್ಚುಗೀಸರ ವಶಕ್ಕೆ ಹೋಯಿತು. ಹದಿನೆಂಟನೆಯ ಶತಮಾನದಲ್ಲಿ ಹೀಗೆ ಸೇರಿಕೊಂಡ ತಾಲೂಕುಗಳನ್ನು ಪೋರ್ಚುಗೀಸರು ‘ನೋವಸ್ ಕೊಂಕಿಸ್ತಾಸ್’, ಅಂದರೆ ಹೊಸ ಗೆಲುವಿನ ಸೀಮೆಗಳು, ಎಂದು ಕರೆದರು. ಶಿರಸಿಯ ಹತ್ತಿರದ ಸೋದೆಗೂ ಫೋಂಡಾಕ್ಕೂ ಇದ್ದ ನಂಟು ಕನ್ನಡ ಓದುಗರಿಗೆ ಹೊಸದಲ್ಲ; ಆದರೆ ಇಪ್ಪತ್ತನೆಯ ಶತಮಾನದಲ್ಲಿ ಅದೇ ಘಟ್ಟದ ಮೇಲಿನಿಂದ ಧ್ವನಿಯೊಂದು ಈ ಸೀಮೆಯತ್ತ ಇಳಿದು ಬಂದ ಸಂಗತಿ ಅಷ್ಟಾಗಿ ಪರಿಚಿತವಲ್ಲ.

ಪೋರ್ಚುಗಲ್ಲಿನ ಸಲಜಾರನ ಸರ್ವಾಧಿಕಾರದ ಕಾಲದಲ್ಲಿ ಗೋವೆಯಲ್ಲಿ ಪೂರ್ವಸೆನ್ಸಾರ್ ಜಾರಿಯಲ್ಲಿತ್ತು. ಪೂರ್ವಸೆನ್ಸಾರ್ ಎಂದರೆ ಅಚ್ಚಾಗುವ ಮೊದಲೇ ಬರಹವನ್ನು ಸರ್ಕಾರದ ಅಧಿಕಾರಿಗೆ ತೋರಿಸಿ ಒಪ್ಪಿಗೆ ಪಡೆಯುವ ಪದ್ಧತಿ. ಪತ್ರಿಕೆಗಳಷ್ಟೇ ಅಲ್ಲ, ಮದುವೆಯ ಕರೆಯೋಲೆಯೂ ಈ ಒಪ್ಪಿಗೆಗೆ ಒಳಪಟ್ಟಿತ್ತು. 1946ರ ಜೂನ್ 18ರಂದು ರಾಮಮನೋಹರ ಲೋಹಿಯಾ ಮತ್ತು ಜೂಲಿಯಾವ್ ಮೆನೆಝಿಸ್ ಮಡಗಾವಿನಲ್ಲಿ ಸಭೆ ಸೇರಿಸಿದ್ದು ಪೌರಹಕ್ಕುಗಳ ಈ ನಿರಾಕರಣೆಯನ್ನು ಮುರಿಯಲಿಕ್ಕೇ. ಅದೇ ವರ್ಷ ಗೋವೆಯಲ್ಲಿ ‘ಎಮಿಸೋರಾ ದ ಗೋವಾ’ ಎಂಬ ಬಾನುಲಿ ಕೇಂದ್ರ ಆರಂಭವಾಯಿತು. ಹಲವು ಭಾಷೆಗಳಲ್ಲಿ ಕಾರ್ಯಕ್ರಮ ಕೊಡುತ್ತಿದ್ದ ಈ ಕೇಂದ್ರ ಸಂಗೀತಕ್ಕಾಗಿ ಜನಪ್ರಿಯವಾಗಿತ್ತಾದರೂ ಸುದ್ದಿಯ ಮಟ್ಟಿಗೆ ಅದು ಸರ್ಕಾರದ ಬಾಯಿಯೇ ಆಗಿತ್ತು. 1951ರಲ್ಲಿ ಪೋರ್ಚುಗಲ್ ತನ್ನ ವಸಾಹತುಗಳನ್ನೆಲ್ಲ ‘ಸಾಗರೋತ್ತರ ಪ್ರಾಂತ’ಗಳೆಂದು ಹೆಸರು ಬದಲಿಸಿ, ಗೋವೆ ವಸಾಹತೇ ಅಲ್ಲ, ಪೋರ್ಚುಗಲ್ಲಿನ ಒಂದು ಭಾಗ ಎಂದು ಸಾಧಿಸತೊಡಗಿದಾಗ, ಆ ವಾದ ಮನೆಮನೆಗೆ ಮುಟ್ಟಿದ ದಾರಿಗಳಲ್ಲಿ ಬಾನುಲಿಯೂ ಒಂದು.

1955ರ ಆಗಸ್ಟ್ 15ರಂದು ಗಡಿ ದಾಟಿದ ನಿರಾಯುಧ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸ್ ಪೊಲೀಸರು ಗುಂಡು ಹಾರಿಸಿ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಕೊಂದರು. ಆ ವರ್ಷದ ಸತ್ಯಾಗ್ರಹದಲ್ಲಿ ಕನ್ನಡ ನಾಡಿನ ಪಾಲೂ ಇತ್ತು. ನರಗುಂದದ ಜಗನ್ನಾಥರಾವ್ ಜೋಶಿ ಸತ್ಯಾಗ್ರಹಿಗಳ ತಂಡದ ಮುಂದಾಳಾಗಿ ಹೋಗಿ ಗೋವೆಯ ಸೆರೆಮನೆ ಸೇರಿದರು. ಗೋಲಿಬಾರಿನ ನಂತರ ಭಾರತ ಸರ್ಕಾರ ಗಡಿಯನ್ನು ಮುಚ್ಚಿ ಆರ್ಥಿಕ ದಿಗ್ಬಂಧನವನ್ನು ಬಿಗಿಗೊಳಿಸಿತು. ಸರಕು, ಜನ, ಹಣ ಯಾವುದೂ ಗಡಿ ದಾಟದಂತೆ ತಡೆಯುವುದು ಇದರ ಉದ್ದೇಶ. ಆದರೆ ಆಲೂಗಡ್ಡೆ ಹಾಲೆಂಡಿನಿಂದಲೂ ಚಹಾ ಸಿಲೋನಿನಿಂದಲೂ ಹಡಗಿನಲ್ಲಿ ಬಂದವು, ಕಬ್ಬಿಣದ ಅದಿರಿನ ರಫ್ತು ಏರುತ್ತಲೇ ಹೋಯಿತು. ದಿಗ್ಬಂಧನದ ನಿಜವಾದ ಪೆಟ್ಟು ಬಿದ್ದದ್ದು ಸುದ್ದಿಗೆ. ಮುಂಬಯಿಯ ಪತ್ರಿಕೆ, ಬೆಳಗಾವಿಯ ನೆಂಟರು, ಕೈಯಿಂದ ಕೈಗೆ ದಾಟುತ್ತಿದ್ದ ಕರಪತ್ರ ಇವೆಲ್ಲ ಒಟ್ಟಿಗೇ ನಿಂತು, ಮಡ್ಕಯಿಯಂಥ ಊರಿನವರಿಗೆ ಪಣಜಿಯ ಸರ್ಕಾರ ಹೇಳಿದ್ದಷ್ಟೇ ಲೋಕದ ಸುದ್ದಿಯಾಯಿತು. ಗಡಿಯ ತಡೆಗೆ ಸಿಕ್ಕದೆ ಒಳಗೆ ಹೋಗಬಲ್ಲದ್ದು ರೇಡಿಯೊ ತರಂಗ ಒಂದೇ ಆಗಿತ್ತು.

3. ಸಿದ್ಧತೆಯ ವರ್ಷಗಳು

ಲಿಬಿಯಾ ಲೋಬೊ ಹುಟ್ಟಿದ್ದು 1924ರ ಮೇ 25ರಂದು ಗೋವೆಯ ಕುಟುಂಬವೊಂದರಲ್ಲಿ. ಬೆಳೆದದ್ದು, ಓದಿದ್ದು ಮುಂಬಯಿಯಲ್ಲಿ. ಉದ್ಯೋಗಕ್ಕಾಗಿ ಮುಂಬಯಿ ಸೇರಿದ್ದ ಗೋವೆಯ ಸಾವಿರಾರು ಕುಟುಂಬಗಳ ನಡುವೆ, ಟಿ. ಬಿ. ಕುನ್ಹಾ ಅವರಂಥ ಚಿಂತಕರ ಪ್ರಭಾವದಿಂದ, ಗೋವೆಯ ಬಿಡುಗಡೆಯ ಚಳವಳಿ ಬೆಳೆಯುತ್ತಿದ್ದ ಕಾಲ ಅದು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಅವರು ಸೆನ್ಸಾರ್ ಕಚೇರಿಯಲ್ಲಿ ಕೆಲಸ ಮಾಡಿದರು. ಭಾರತದಲ್ಲಿ ಸೆರೆಯಿದ್ದ ಇಟಲಿಯ ಯುದ್ಧಕೈದಿಗಳ ಕಾಗದಗಳನ್ನು ಓದಿ ಪರೀಕ್ಷಿಸುವುದು ಆ ಕೆಲಸದ ಭಾಗವಾಗಿತ್ತು. ನಂತರ ಮುಂಬಯಿಯ ಆಕಾಶವಾಣಿಯಲ್ಲಿ ಶೀಘ್ರಲಿಪಿಕಾರ್ತಿಯಾಗಿ, ಗ್ರಂಥಪಾಲಕಿಯಾಗಿ ದುಡಿದರು. ಜೊತೆಗೆ ಕಾನೂನಿನ ವ್ಯಾಸಂಗ ಮಾಡಿದರು.

ಮೇಲ್ನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುವ ಈ ಉದ್ಯೋಗಗಳು ಮುಂದಿನ ಕೆಲಸಕ್ಕೆ ಹೇಳಿ ಮಾಡಿಸಿದಂತಿದ್ದವು. ಸೆನ್ಸಾರ್ ಕಚೇರಿಯಲ್ಲಿ ಕುಳಿತವರಿಗೆ ಯಾವ ಮಾತನ್ನು ಅಧಿಕಾರ ಹೆದರಿ ಅಳಿಸುತ್ತದೆ ಎಂಬುದು ತಿಳಿಯುತ್ತದೆ. ಶೀಘ್ರಲಿಪಿ ಬಲ್ಲವರು ದೂರದ ಕೇಂದ್ರವೊಂದರ ವಾರ್ತೆಯನ್ನು ಕೇಳುತ್ತಲೇ ಬರೆದುಕೊಳ್ಳಬಲ್ಲರು. ಕಾನೂನಿನ ವಿದ್ಯಾರ್ಥಿ ಎದುರಾಳಿಯ ವಾದವನ್ನು ಮೊದಲು ಸರಿಯಾಗಿ ಮಂಡಿಸಿ ಆಮೇಲೆ ಅದಕ್ಕೆ ಉತ್ತರ ಕೊಡುವುದನ್ನು ಕಲಿತಿರುತ್ತಾನೆ. ಪ್ರಸಾರಕರ ಸಿದ್ಧತೆ ಎಂದರೆ ಕಂಠದ ಶಿಕ್ಷಣ ಎಂಬ ಸಾಮಾನ್ಯ ತಿಳಿವಳಿಕೆಯನ್ನು ಈ ಬದುಕು ಒಪ್ಪುವುದಿಲ್ಲ.

4. ಗುಪ್ತ ಬಾನುಲಿ

ಸರ್ಕಾರದ ಪರವಾನಗಿಯಿಲ್ಲದೆ, ನೆಲೆಯನ್ನು ಮರೆಮಾಚಿ, ಒಂದು ರಾಜಕೀಯ ಗುರಿಗಾಗಿ ನಡೆಯುವ ಪ್ರಸಾರವನ್ನು ಗುಪ್ತ ಬಾನುಲಿ ಎನ್ನುತ್ತಾರೆ. 1942ರ ಚಳವಳಿಯಲ್ಲಿ ಉಷಾ ಮೆಹತಾ ಮತ್ತು ಸಂಗಾತಿಗಳು ಮುಂಬಯಿಯಲ್ಲಿ ನಡೆಸಿದ ಕಾಂಗ್ರೆಸ್ ರೇಡಿಯೊ ಭಾರತದಲ್ಲಿ ಇದರ ಪ್ರಸಿದ್ಧ ಉದಾಹರಣೆ. ಮನೆಯಿಂದ ಮನೆಗೆ ಜಾಗ ಬದಲಿಸುತ್ತಿದ್ದರೂ ಅದು ಕೆಲವೇ ತಿಂಗಳಲ್ಲಿ ಪೊಲೀಸರ ಕೈಗೆ ಸಿಕ್ಕಿತು. ತರಂಗವು ಯಾವ ದಿಕ್ಕಿನಿಂದ ಬರುತ್ತಿದೆ ಎಂಬುದನ್ನು ಎರಡು ಬೇರೆಬೇರೆ ಸ್ಥಳಗಳಿಂದ ಅಳೆದು, ಆ ಗೆರೆಗಳು ಕೂಡುವ ಜಾಗವನ್ನು ಗುರುತಿಸಿದರೆ ಪ್ರೇಷಕ ಯಂತ್ರ, ಅಂದರೆ ಟ್ರಾನ್ಸ್‌ಮಿಟರ್, ಎಲ್ಲಿದೆ ಎಂಬುದು ತಿಳಿದುಬಿಡುವುದರಿಂದ, ಗುಪ್ತ ಬಾನುಲಿಗಳ ಆಯುಸ್ಸು ಸಾಮಾನ್ಯವಾಗಿ ಚಿಕ್ಕದು. ಗೋವೆಯ ಗುಪ್ತ ಬಾನುಲಿ ಆರು ವರ್ಷ ಬಾಳಿದ್ದಕ್ಕೆ ಕಾರಣ ಅದು ಗಡಿಯ ಈಚೆ, ಭಾರತದ ನೆಲದ ಮೇಲೆ ಇದ್ದದ್ದು. ಆದರೂ ಗಡಿಯ ಅಂಚಿನಲ್ಲೇ ಇದ್ದುದರಿಂದ ಅದರ ನೆಲೆ ಗುಟ್ಟಾಗಿಯೇ ಇರಬೇಕಾಯಿತು.

1954ರಲ್ಲಿ ದಾದ್ರಾ ಮತ್ತು ನಗರ ಹವೇಲಿ ಪೋರ್ಚುಗೀಸರಿಂದ ಬಿಡುಗಡೆಗೊಂಡಾಗ ಅಲ್ಲಿ ದೊರೆತ ಎರಡು ವೈರ್‌ಲೆಸ್ ಯಂತ್ರಗಳನ್ನು ಮಾರ್ಪಡಿಸಿ ಪ್ರೇಷಕವನ್ನು ಸಿದ್ಧಮಾಡಲಾಯಿತು. ಆಳುವವರ ಯಂತ್ರವೇ ಆಳ್ವಿಕೆಯ ವಿರುದ್ಧ ಮಾತಾಡತೊಡಗಿತು. ಅದನ್ನು ಟ್ರಕ್ಕಿನಲ್ಲಿ ಕೂರಿಸಿ, ಸಾವಂತವಾಡಿಯ ಮೇಲಿನ ಅಂಬೋಲಿ ಘಟ್ಟದ ಕಾಡಿನಿಂದ 1955ರ ನವೆಂಬರ್ 25ರಂದು ಪ್ರಸಾರ ಆರಂಭಿಸಲಾಯಿತು. 1510ರಲ್ಲಿ ಪೋರ್ಚುಗೀಸರ ಆಲ್ಬುಕರ್ಕ್ ಗೋವೆಯನ್ನು ಗೆದ್ದದ್ದೂ ನವೆಂಬರ್ 25ರಂದೇ. ಲಿಬಿಯಾ ಲೋಬೊ ಮತ್ತು ಮುಂದೆ ಅವರ ಪತಿಯಾದ ವಾಮನ ಸರದೇಸಾಯಿ ಈ ಕೇಂದ್ರದ ಆಧಾರವಾಗಿದ್ದರು; ಆರಂಭದಲ್ಲಿ ನಿಕೊಲಾವ್ ಮೆನೆಝಿಸ್ ಅವರೂ ಜೊತೆಗಿದ್ದರು. ಪೋರ್ಚುಗೀಸಿನಲ್ಲಿ ‘ವೋಜ್ ದ ಲಿಬೆರ್ದಾದ್’, ಕೊಂಕಣಿಯಲ್ಲಿ ‘ಗೊಂಯಚೆ ಸೊಡವಣೆಚೊ ಆವಾಜ’ ಎಂಬ ಹೆಸರಿನಲ್ಲಿ, ಎರಡೂ ಭಾಷೆಗಳಲ್ಲಿ ಪ್ರಸಾರ ನಡೆಯಿತು. ಪೋರ್ಚುಗೀಸ್ ಬಲ್ಲ ನೌಕರವರ್ಗ, ಅಧಿಕಾರಿಗಳು, ಸೈನಿಕರು ಒಂದು ಕಡೆ. ಕೊಂಕಣಿಯನ್ನೇ ಆಡುವ ಹಳ್ಳಿಯ ಬಹುಜನರು ಇನ್ನೊಂದು ಕಡೆ. ಈ ಎರಡೂ ಕೇಳುಗವರ್ಗಗಳನ್ನು ಒಂದೇ ಕೇಂದ್ರ ಉದ್ದೇಶಿಸಿದ್ದು ಅದರ ಯೋಜನೆಯ ಜಾಣತನ.

ಕೆಲಕಾಲದ ನಂತರ ಕೇಂದ್ರ ಕ್ಯಾಸಲ್‌ರಾಕ್‌ಗೆ ಬಂತು. ಈ ಊರಿಗೆ ಗಡಿಯ ಊರಾಗಿಯೇ ಹಳೆಯ ಇತಿಹಾಸವಿತ್ತು: ಮುರಗಾಂವ್ ಬಂದರಿನಿಂದ ಘಟ್ಟ ಹತ್ತಿ ಬರುವ ಪೋರ್ಚುಗೀಸ್ ರೈಲುಮಾರ್ಗ ಇಲ್ಲಿ ಬ್ರಿಟಿಷ್ ಭಾರತದ ಸದರ್ನ್ ಮರಾಠಾ ರೈಲ್ವೆಯನ್ನು ಕೂಡುತ್ತಿತ್ತು, ಪ್ರಯಾಣಿಕರ ಗಂಟುಮೂಟೆಗಳ ಸುಂಕದ ತಪಾಸಣೆ ಇಲ್ಲಿ ನಡೆಯುತ್ತಿತ್ತು. 1955ರಲ್ಲಿ ರೈಲು ನಿಂತ ಮೇಲೆ ಊರು ದಾರಿಯ ಕೊನೆಯಾಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಉತ್ತರ ಕನ್ನಡ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದಾಗ ಕ್ಯಾಸಲ್‌ರಾಕ್ ಕೂಡ ಕನ್ನಡ ರಾಜ್ಯದ ಊರಾಯಿತು.

ಅಂಬೋಲಿ, ಕ್ಯಾಸಲ್‌ರಾಕ್ ಎರಡೂ ಘಟ್ಟದ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಸೇರುತ್ತವೆ. ಹಾವು, ಚಿರತೆ, ಬಿಡದೆ ಸುರಿಯುವ ಮಳೆ, ಊರುಗಳಿಂದ ದೂರವಾದ ಒಂಟಿತನ ಇವುಗಳ ನಡುವೆ ಮೂವತ್ತರ ಆಸುಪಾಸಿನ ಮಹಿಳೆಯೊಬ್ಬರು ಪ್ರತಿದಿನವೂ ಹೇಳಬೇಕಾದದ್ದನ್ನು ಬರೆದು, ಓದಿ, ನಾಳೆಗೆ ಮತ್ತೆ ಬರೆಯುವ ದಿನಚರಿಯನ್ನು ವರ್ಷಗಟ್ಟಲೆ ನಡೆಸಿದರು. ಪರಊರಿನಲ್ಲಿ ಪತ್ರಿಕೆ ನಡೆಸಿದ ದೇಶಭಕ್ತರಿಗೆ ಓದುಗರ ಪತ್ರಗಳಾದರೂ ಬರುತ್ತಿದ್ದವು. ಗುಪ್ತ ಬಾನುಲಿಯವರಿಗೆ ಕೇಳುಗರಿಂದ ಉತ್ತರವೇ ಬಾರದು. ಯಾರು ಕೇಳುತ್ತಿದ್ದಾರೆ, ಎಷ್ಟು ಜನ ಕೇಳುತ್ತಿದ್ದಾರೆ, ಕೇಳಿದವರು ನಂಬುತ್ತಿದ್ದಾರೆಯೇ ಎಂಬುದನ್ನು ತಿಳಿಯುವ ದಾರಿಯಿಲ್ಲದೆ ದಿನವೂ ಅದೇ ಎಚ್ಚರದಿಂದ ಮಾತಾಡುವುದು ಈ ವೃತ್ತಿಯ ಅತ್ಯಂತ ಕಠಿಣ ಪರೀಕ್ಷೆ.

ಪ್ರಸಾರದ ಸಾಮಗ್ರಿ ಮುಖ್ಯವಾಗಿ ಎರಡು ಬಗೆಯದು. ಮೊದಲನೆಯದು, ಪೋರ್ಚುಗೀಸ್ ಪ್ರಚಾರಕ್ಕೆ ಉತ್ತರ: ಸರ್ಕಾರಿ ಬಾನುಲಿಯೂ ಪತ್ರಿಕೆಗಳೂ ಹೇಳಿದ್ದನ್ನು ಎತ್ತಿಕೊಂಡು, ಅದರಲ್ಲಿ ಬಿಟ್ಟದ್ದನ್ನೂ ತಿರುಚಿದ್ದನ್ನೂ ತೋರಿಸುವುದು. ಎರಡನೆಯದು, ಹೊರಲೋಕದ ಸುದ್ದಿ: ಸಂಸತ್ತಿನಲ್ಲಿ ಗೋವೆಯ ಬಗ್ಗೆ ನಡೆದ ಚರ್ಚೆ, ಅಂಗೋಲಾ, ಮೊಝಾಂಬಿಕ್ ಮೊದಲಾದ ಪೋರ್ಚುಗೀಸ್ ವಸಾಹತುಗಳಲ್ಲಿ ಎದ್ದ ವಿಮೋಚನಾ ಹೋರಾಟಗಳು. ಎರಡನೆಯ ಬಗೆಯ ಮಹತ್ವ ಆ ವರ್ಷಗಳ ಇತಿಹಾಸವನ್ನು ನೋಡಿದರೆ ತಿಳಿಯುತ್ತದೆ. 1960ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಗೋವೆಯೂ ಸೇರಿದಂತೆ ಪೋರ್ಚುಗಲ್ಲಿನ ಅಧೀನದ ಪ್ರದೇಶಗಳನ್ನು ಸ್ವಯಮಾಡಳಿತವಿಲ್ಲದ ಪ್ರದೇಶಗಳೆಂದು ಸಾರಿ, ‘ಸಾಗರೋತ್ತರ ಪ್ರಾಂತ’ದ ವಾದವನ್ನು ತಳ್ಳಿಹಾಕಿತು, 1961ರ ಫೆಬ್ರವರಿಯಲ್ಲಿ ಲುವಾಂಡಾದಲ್ಲಿ ಬಂಡಾಯ ಎದ್ದಿತು. ಗೋವೆಯ ಸೆನ್ಸಾರ್ ದಾಟಿ ಇಂಥ ಸುದ್ದಿ ಪೂರ್ಣರೂಪದಲ್ಲಿ ಬರುವಂತಿರಲಿಲ್ಲ. ತಮ್ಮ ಊರಿನ ಕಷ್ಟ ತಮ್ಮೊಬ್ಬರದಲ್ಲ, ಆಫ್ರಿಕೆಯ ಜನರೂ ಅದೇ ಆಳ್ವಿಕೆಯ ವಿರುದ್ಧ ಎದ್ದಿದ್ದಾರೆ ಎಂಬ ಅರಿವು, ದೇಶಭಕ್ತಿಯ ಘೋಷಣೆಗಿಂತ ಹೆಚ್ಚಾಗಿ, ಕೇಳುಗರ ನಿಲುವನ್ನು ಗಟ್ಟಿಗೊಳಿಸುವಂಥದು.

5. ವೀಕ್ಷಕ ವಿವರಣೆಯ ಪರಂಪರೆ ಮತ್ತು ಡಿಸೆಂಬರ್ 19

ಡಿಸೆಂಬರ್ 19ರ ಘೋಷಣೆಯನ್ನು ಅಳೆಯುವ ಮೊದಲು ಬಾನುಲಿಯ ಇನ್ನೊಂದು ಕಲೆಯನ್ನು ನೋಡಬೇಕು. ನಡೆಯುತ್ತಿರುವ ಘಟನೆಯನ್ನು ಕಣ್ಣಾರೆ ನೋಡುತ್ತ, ನೋಡಲಾಗದವರಿಗೆ ಅದೇ ಗಳಿಗೆಯಲ್ಲಿ ವರ್ಣಿಸಿ ಹೇಳುವುದಕ್ಕೆ ವೀಕ್ಷಕ ವಿವರಣೆ ಎನ್ನುತ್ತಾರೆ. ಭಾರತದಲ್ಲಿ ಈ ಕಲೆ ಬೆಳೆದದ್ದು ಆಟದ ಮೈದಾನದಲ್ಲಿ. 1934ರಲ್ಲಿ ಮುಂಬಯಿಯ ಕ್ವಾಡ್ರಾಂಗ್ಯುಲರ್ ಕ್ರಿಕೆಟ್ ಪಂದ್ಯಾವಳಿಯಲ್ಲಿ ಎ. ಎಫ್. ಎಸ್. ತಲ್ಯಾರ್‌ಖಾನ್ ವಿವರಣೆ ನೀಡಿ ಈ ಕ್ಷೇತ್ರದ ಮೊದಲಿಗರೆನಿಸಿದರು. ದಿನವಿಡೀ ಒಬ್ಬರೇ ಮಾತಾಡುತ್ತಿದ್ದ ಅವರು ಮೈಕನ್ನು ಇನ್ನೊಬ್ಬರೊಂದಿಗೆ ಹಂಚಿಕೊಳ್ಳಲು ಒಪ್ಪುತ್ತಿರಲಿಲ್ಲ. ಮೆಲ್ವಿಲ್ ಡಿ ಮೆಲ್ಲೊ ಅವರು 1948ರಲ್ಲಿ ಗಾಂಧೀಜಿಯವರ ಅಂತಿಮಯಾತ್ರೆಯನ್ನು ಸುಮಾರು ಏಳು ಗಂಟೆಗಳ ಕಾಲ ವಿವರಿಸಿದಾಗ ಆಟದಂಗಳದ ಕೌಶಲ ರಾಷ್ಟ್ರದ ಶೋಕಕ್ಕೂ ಒದಗಿತು. ಮೈಸೂರು ದಸರೆಯ ಜಂಬೂಸವಾರಿಯ ವಿವರಣೆಯನ್ನು ಆಕಾಶವಾಣಿಯಲ್ಲಿ ಕೇಳಿದ ಕನ್ನಡಿಗರಿಗೂ ಈ ಕಲೆಯ ರುಚಿ ಪರಿಚಿತವೇ.

ಕ್ರೀಡಾ ವಿವರಣೆಕಾರನ ಮಾತಿಗೆ ಒಂದು ಒರೆಗಲ್ಲಿದೆ: ಮರುದಿನದ ಪತ್ರಿಕೆಯಲ್ಲಿ ಬರುವ ಅಂಕಪಟ್ಟಿ. ಔಟಾಗದವನನ್ನು ಔಟಾದನೆಂದು ಹೇಳಿದರೆ ಅದು ಬೆಳಗಾಗುವುದರೊಳಗೆ ಬಯಲಾಗುತ್ತದೆ; ಆದ್ದರಿಂದಲೇ ಕೇಳುಗ ಅವನನ್ನು ನಂಬುತ್ತಾನೆ. ಗುಪ್ತ ಬಾನುಲಿಗೆ ಅಂಥ ಅಂಕಪಟ್ಟಿ ಇಲ್ಲ. ಗಡಿಯಾಚೆಯ ಸುದ್ದಿಯನ್ನು ಕೇಳುಗ ತಾಳೆ ನೋಡಲಾರ. ಆದರೆ ತನ್ನ ಊರಿನ ಸಂಗತಿ ಬಂದಾಗ ಅದು ನಿಜವೋ ಸುಳ್ಳೋ ಅವನಿಗೆ ಗೊತ್ತಿರುತ್ತದೆ. ಫೋಂಡಾದ ಬಗ್ಗೆ ಒಂದು ಸುಳ್ಳು ಸಿಕ್ಕಿದರೆ ಅಂಗೋಲಾದ ಬಗ್ಗೆ ಹೇಳಿದ ನೂರು ನಿಜಗಳೂ ಬಿದ್ದುಹೋಗುತ್ತವೆ. ಆಟದ ವಿವರಣೆಕಾರ ತಪ್ಪಿದರೆ ನಗೆಗೀಡಾಗುತ್ತಾನೆ. ಗುಪ್ತ ಪ್ರಸಾರಕಿ ತಪ್ಪಿದರೆ ಕೇಳುಗರು ಎದುರಾಳಿಯ ಕೇಂದ್ರಕ್ಕೆ ತಿರುಗುತ್ತಾರೆ.

ಈ ಹಿನ್ನೆಲೆಯಲ್ಲಿ 1961ರ ಡಿಸೆಂಬರನ್ನು ನೋಡಬೇಕು. ‘ಆಪರೇಷನ್ ವಿಜಯ್’ ಎಂಬ ಸೇನಾ ಕಾರ್ಯಾಚರಣೆಯ ಹೊಸ್ತಿಲಲ್ಲಿ, ವ್ಯರ್ಥ ರಕ್ತಪಾತವಾಗದಂತೆ ಶರಣಾಗಬೇಕೆಂದು ಪೋರ್ಚುಗೀಸ್ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾ ಅವರಿಗೆ ರಕ್ಷಣಾ ಸಚಿವ ವಿ. ಕೆ. ಕೃಷ್ಣ ಮೆನನ್ ಕಳುಹಿಸಿದ ಸಂದೇಶವನ್ನು ಈ ಬಾನುಲಿಯೇ ಪ್ರಸಾರ ಮಾಡಿತು. ಡಿಸೆಂಬರ್ 18ರಂದು ಭಾರತೀಯ ವಾಯುಪಡೆಯ ಹಂಟರ್ ವಿಮಾನಗಳು ಬಾಂಬೋಳಿಯ ವೈರ್‌ಲೆಸ್ ಕೇಂದ್ರದ ಮೇಲೆ ದಾಳಿ ಮಾಡಿದವು. ಭೂಸೇನೆಯ ಒಂದು ಪಡೆ ಅನಮೋಡ ಘಟ್ಟ ಇಳಿದು ಮೊಲೆಂ ಮಾರ್ಗವಾಗಿ ಫೋಂಡಾದತ್ತ ಸಾಗಿತು. 19ರಂದು ಲಿಬಿಯಾ ಲೋಬೊ ಮತ್ತು ವಾಮನ ಸರದೇಸಾಯಿ ಧ್ವನಿವರ್ಧಕ ಅಳವಡಿಸಿದ ವಿಮಾನದಲ್ಲಿ ಸುಮಾರು ಎರಡು ಗಂಟೆ ಗೋವೆಯ ಮೇಲೆ ಹಾರಾಡಿ, ಪೋರ್ಚುಗೀಸರು ಶರಣಾದರೆಂದೂ 451 ವರ್ಷಗಳ ಆಳ್ವಿಕೆ ಮುಗಿಯಿತೆಂದೂ ಪೋರ್ಚುಗೀಸ್ ಮತ್ತು ಕೊಂಕಣಿಗಳಲ್ಲಿ ಸಾರಿ ಕರಪತ್ರಗಳನ್ನು ಬೀರಿದರು.

ವೃತ್ತಿಯ ದೃಷ್ಟಿಯಿಂದ ಇದು ವೀಕ್ಷಕ ವಿವರಣೆಯ ತಿರುವುಮುರುವು ರೂಪ. ಸಾಮಾನ್ಯ ವಿವರಣೆಯಲ್ಲಿ ಹೇಳುವವನು ಘಟನೆಯ ಜಾಗದಲ್ಲಿರುತ್ತಾನೆ, ಕೇಳುವವನು ದೂರದಲ್ಲಿರುತ್ತಾನೆ. ಇಲ್ಲಿ ಘಟನೆ ನಡೆದದ್ದು ಕೇಳುಗರ ಸುತ್ತಲೇ, ಅದರ ಅರ್ಥವನ್ನು ಹೇಳಿದವರು ಮೇಲಿದ್ದರು. ಸೇತುವೆಗಳು ಮುರಿದು, ಸರ್ಕಾರಿ ಬಾನುಲಿ ಮೌನವಾಗಿ, ಗಾಳಿಮಾತುಗಳು ಹಬ್ಬಿದ್ದ ಆ ದಿನ, ಆಕಾಶದಿಂದ ಬಂದ ಮಾತು ನಂಬಿಕೆಗೆ ಅರ್ಹವೆನಿಸಲು ಆರು ವರ್ಷಗಳ ಪ್ರಸಾರವೇ ಅದರ ಬೆನ್ನಿಗಿದ್ದ ಆಧಾರ.

6. ಪ್ರಸಾರದ ಆಚೆ

ಬಿಡುಗಡೆಯೊಂದಿಗೆ ಗುಪ್ತ ಬಾನುಲಿಯ ಅಗತ್ಯ ಮುಗಿಯಿತು. ಎಮಿಸೋರಾದ ಜಾಗದಲ್ಲಿ 1962ರ ಜನವರಿ 9ರಿಂದ ಆಕಾಶವಾಣಿಯ ಪಣಜಿ ಕೇಂದ್ರ ಕೆಲಸ ಆರಂಭಿಸಿತು. 1964ರಲ್ಲಿ ಲಿಬಿಯಾ ಮತ್ತು ವಾಮನ ಸರದೇಸಾಯಿ ಮದುವೆಯಾದರು. ಲಿಬಿಯಾ ಅವರು ಗೋವೆಯ ಪ್ರವಾಸೋದ್ಯಮ ಇಲಾಖೆಯ ನಿರ್ದೇಶಕಿಯಾಗಿ, ವಕೀಲರಾಗಿ ದುಡಿದರು. ವಾಮನ ಅವರು ಮುಂದೆ ಅಂಗೋಲಾದಲ್ಲಿ ಭಾರತದ ರಾಯಭಾರಿಯಾದರು. ಕಾಡಿನಲ್ಲಿ ಕುಳಿತು ಯಾವ ನಾಡಿನ ಹೋರಾಟದ ಸುದ್ದಿಯನ್ನು ಗೋವೆಗೆ ಹೇಳಿದ್ದರೋ, ಸ್ವತಂತ್ರವಾದ ಅದೇ ನಾಡಿಗೆ ರಾಯಭಾರಿಯಾಗಿ ಹೋದದ್ದು ಆ ಪ್ರಸಾರದ ದೂರದೃಷ್ಟಿಗೆ ಇತಿಹಾಸ ಒತ್ತಿದ ಮುದ್ರೆ. 1994ರಲ್ಲಿ ವಾಮನ ಸರದೇಸಾಯಿ ತೀರಿಕೊಂಡರು. 2025ರಲ್ಲಿ, ನೂರರ ವಯಸ್ಸಿನಲ್ಲಿ, ಲಿಬಿಯಾ ಅವರಿಗೆ ಪದ್ಮಶ್ರೀ ಪ್ರಶಸ್ತಿ ಘೋಷಣೆಯಾಯಿತು.

7. ಸಮಾರೋಪ

ಕನ್ನಡ ನಾಡಿನ ಬಾನುಲಿ ಇತಿಹಾಸವನ್ನು ಸಾಮಾನ್ಯವಾಗಿ 1935ರಲ್ಲಿ ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಆರಂಭಿಸಿದ ‘ಆಕಾಶವಾಣಿ’ಯಿಂದ ತೊಡಗಿಸಿ, 1950ರ ಧಾರವಾಡ ಕೇಂದ್ರ, 1955ರ ಬೆಂಗಳೂರು ಕೇಂದ್ರ ಎಂದು ಮುಂದುವರಿಸುತ್ತಾರೆ. ಇದು ಕನ್ನಡದಲ್ಲಿ ಮಾತಾಡಿದ ಕೇಂದ್ರಗಳ ಇತಿಹಾಸ. ಕನ್ನಡ ನೆಲದಿಂದ ಮಾತಾಡಿದ ಕೇಂದ್ರಗಳ ಇತಿಹಾಸ ಇನ್ನೂ ದೊಡ್ಡದು. ಭಾಷೆಯನ್ನು ಮಾತ್ರ ಎಲ್ಲೆಯಾಗಿ ಇಟ್ಟುಕೊಂಡರೆ ಕ್ಯಾಸಲ್‌ರಾಕ್‌ನ ಕೇಂದ್ರ ಗೋವೆಯವರ ಪಾಲಿಗೆ ಹೊರನಾಡಿನದಾಗಿ, ಕನ್ನಡಿಗರ ಪಾಲಿಗೆ ಪರಭಾಷೆಯದಾಗಿ, ಎರಡೂ ಕಡೆಯ ಪುಸ್ತಕಗಳಿಂದ ಜಾರಿಹೋಗುತ್ತದೆ.

ಆದ್ದರಿಂದ ಎರಡು ಕೆಲಸಗಳು ಆಗಬೇಕಾಗಿವೆ. ಕ್ಯಾಸಲ್‌ರಾಕ್ ಸುತ್ತಲಿನ ಜೋಯಿಡಾ, ಖಾನಾಪುರ ಭಾಗದ ಹಿರಿಯರಿಂದ ಆ ವರ್ಷಗಳ ನೆನಪುಗಳನ್ನೂ, ಫೋಂಡಾ ತಾಲೂಕಿನ ಮಡ್ಕಯಿಯಂಥ ಊರುಗಳಲ್ಲಿ ಆ ಪ್ರಸಾರವನ್ನು ಕೇಳಿದವರ ನೆನಪುಗಳನ್ನೂ, ಅವರಿರುವಾಗಲೇ ಸಂಗ್ರಹಿಸುವುದು ಮೊದಲನೆಯದು. ಹೇಳಿದವರ ಕಥೆ ದಾಖಲಾದಷ್ಟು ಕೇಳಿದವರ ಕಥೆ ದಾಖಲಾಗಿಲ್ಲವಾದ್ದರಿಂದ ಪ್ರಸಾರದ ಪರಿಣಾಮವನ್ನು ಅಳೆಯಲು ಬೇರೆ ದಾರಿಯಿಲ್ಲ. ಪ್ರಸಾರಕರನ್ನು ಅವರ ಪ್ರಸಿದ್ಧ ದಿನದಿಂದಲ್ಲದೆ ಅವರ ದಿನಚರಿಯಿಂದ ಅಳೆಯುವ ರೂಢಿಯನ್ನು ಬಾನುಲಿ ಅಧ್ಯಯನದಲ್ಲಿ ಬೆಳೆಸುವುದು ಎರಡನೆಯದು. ತಲ್ಯಾರ್‌ಖಾನ್ ಅವರ ಹಿರಿಮೆ ಒಂದು ಪಂದ್ಯದ ಕೊನೆಯ ಓವರಿನಲ್ಲಿ ಇಲ್ಲ, ಏನೂ ನಡೆಯದ ಮಧ್ಯಾಹ್ನಗಳಲ್ಲೂ ಕೇಳುಗರನ್ನು ಹಿಡಿದು ಕೂರಿಸಿದ್ದರಲ್ಲಿದೆ. ಲಿಬಿಯಾ ಲೋಬೊ ಸರದೇಸಾಯಿ ಅವರ ಹಿರಿಮೆಯೂ ವಿಮಾನದ ಎರಡು ಗಂಟೆಗಳಿಗಿಂತ ಮೊದಲು, ಉತ್ತರ ಬಾರದ ಕಾಡಿನಲ್ಲಿ ಪ್ರತಿದಿನ ಮೈಕಿನ ಮುಂದೆ ಕುಳಿತು ನಿಜವನ್ನು ನಿಜವೆನಿಸುವಂತೆ ಹೇಳಿದ್ದರಲ್ಲಿದೆ.